ಓದುಗರ ಪ್ರಶ್ನೆ: ಬ್ರೌಸರ್‌ಗೆ ಹೋದ ಮೈಕ್ರೋಸಾಫ್ಟ್

ಪ್ರಶ್ನೆ: ವಿಂಡೋಸ್‌ನ ಹಳೆಯ ಮೇಲ್ ಆ್ಯಪ್ ನಿಂತು ಹೊಸ ಔಟ್‌ಲುಕ್ ಬಂದಿದೆ. ಹಗುರ ಎಂದು ಕೇಳಿದ್ದೆ. ನನ್ನ 4 ಜಿಬಿ ರಾಮ್‌ನ ಲ್ಯಾಪ್‌ಟಾಪ್ ಇನ್ನೂ ನಿಧಾನವಾಗಿದೆ. ಯಾಕೆ? (ಹಾಸನ)

ಉತ್ತರ: ಹೊಸ ಔಟ್‌ಲುಕ್ ಬಹುಪಾಲು ಒಂದು ವೆಬ್ ಪುಟ. ಅದನ್ನು ತೋರಿಸುವುದು ವೆಬ್‌ವ್ಯೂ2, ಅಂದರೆ ಎಡ್ಜ್ ಬ್ರೌಸರ್‌ನ ಎಂಜಿನ್. ಆ್ಯಪ್ ತೆರೆದಾಗ ಒಂದು ಬ್ರೌಸರನ್ನೇ ತೆರೆದಂತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ, ವೆಬ್‌ವ್ಯೂ2 ಹೆಸರಿನಲ್ಲಿ ಹಲವು ಪ್ರಕ್ರಿಯೆಗಳು ಕಾಣುತ್ತವೆ. ಹಗುರವಾದದ್ದು ಕಂಪನಿಯ ಕೆಲಸ: ಸರ್ವರ್‌ನಲ್ಲಿ ಒಮ್ಮೆ ತಿದ್ದಿದರೆ ಎಲ್ಲರಿಗೂ ತಲುಪುತ್ತದೆ. ಹಾಗೆಂದು ಈ ದಾರಿಯೇ ತಪ್ಪಲ್ಲ. 2023ರಲ್ಲಿ ಮೈಕ್ರೋಸಾಫ್ಟ್‌ನ ಮೀಟಿಂಗ್ ಆ್ಯಪ್ ಟೀಮ್ಸ್, ಎಲೆಕ್ಟ್ರಾನ್ ಎಂಬ ಇನ್ನೊಂದು ಬ್ರೌಸರ್ ಆಧಾರಿತ ಚೌಕಟ್ಟನ್ನು ಬಿಟ್ಟು ವೆಬ್‌ವ್ಯೂ2ಕ್ಕೆ ಬಂದಾಗ ಮೆಮೊರಿ ಬಳಕೆ ಅರ್ಧಕ್ಕಿಳಿಯಿತೆಂದು ಮೈಕ್ರೋಸಾಫ್ಟ್ ಹೇಳಿತ್ತು. 4 ಜಿಬಿಯಲ್ಲಿ ಮಾತ್ರ ಬ್ರೌಸರ್ ಒಂದು, ಔಟ್‌ಲುಕ್ ಇನ್ನೊಂದು ಎಂದು ಎರಡನ್ನೂ ತೆರೆದಿಡಬೇಡಿ. ಎಡ್ಜ್‌ನಲ್ಲೇ ಒಂದು ಟ್ಯಾಬ್‌ನಲ್ಲಿ ಮೇಲ್ ನೋಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಔಟ್‌ಲುಕ್, ಟೀಮ್ಸ್ ಇದ್ದರೆ ಡಿಸೇಬಲ್ ಮಾಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಹೊಸ ಔಟ್‌ಲುಕ್‌ಗೆ ಜಿಮೇಲ್, ಯಾಹೂ ಅಥವಾ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನು ಓದುವ ಒಂದು ವಿಧಾನ) ಖಾತೆ ಸೇರಿಸುವಾಗ ಅಂಚೆಯ ಪ್ರತಿಯನ್ನು ಮೈಕ್ರೋಸಾಫ್ಟ್ ಕ್ಲೌಡ್‌ಗೆ ಸಿಂಕ್ ಮಾಡಲು ಅನುಮತಿ ಕೇಳುತ್ತದೆ. ಓದದೆ ಒತ್ತಬೇಡಿ. ಹಳೆಯ ಮೇಲ್ ಆ್ಯಪ್‌ಗೆ 2024ರ ಡಿಸೆಂಬರ್ 31ಕ್ಕೇ ಬೆಂಬಲ ಮುಗಿದಿದೆ; ಅದರಲ್ಲಿ ಈ ಕಂಪ್ಯೂಟರ್‌ನಲ್ಲಷ್ಟೇ ಉಳಿದ ಪತ್ರಗಳಿದ್ದರೆ ಆ್ಯಪ್ ತೆಗೆಯುವ ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಪ್ರಶ್ನೆ: ವೆಬ್ ಎಕ್ಸೆಲ್‌ನಲ್ಲಿ ಸಂಬಳಪಟ್ಟಿಯ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. (ದಾವಣಗೆರೆ)

ಉತ್ತರ: ಆ ಬಟನ್ ಹಿಂದೆ ವಿಬಿಎ ಮ್ಯಾಕ್ರೋ, ಅಂದರೆ ಕಡತದೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್ ಇರುತ್ತದೆ. ವೆಬ್ ಎಕ್ಸೆಲ್ ಅದನ್ನು ಕಡತದಲ್ಲಿ ಉಳಿಸಿಕೊಳ್ಳುತ್ತದೆ, ಆದರೆ ಓಡಿಸುವುದಿಲ್ಲ. ಡೆಸ್ಕ್‌ಟಾಪ್ ಎಕ್ಸೆಲ್ ಇರುವ ಒಂದು ಕಂಪ್ಯೂಟರ್ ಕಚೇರಿಯಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ನಡಾವಳಿಗಳನ್ನು ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹ ವನ್‌ಡ್ರೈವ್‌ಗೆ ಹಾಕಿ ವೆಬ್ ವರ್ಡ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಕೆಟ್ಟಿದೆಯೇ? (ಧಾರವಾಡ)

ಉತ್ತರ: ಕೆಟ್ಟಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಕನ್ನಡದ ರೂಪ ಫಾಂಟಿನಲ್ಲಿತ್ತು. ಫಾಂಟ್ ಸಿಗದ ಕಡೆ ಸಂಕೇತ ಬಯಲಾಗುತ್ತದೆ, ಹುಡುಕಾಟವೂ ನಡೆಯುವುದಿಲ್ಲ. ಶಾಶ್ವತ ಪರಿಹಾರ ಯುನಿಕೋಡ್ ಒಂದೇ; ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ.

ಮೊದಲು ಮೂಲ ಕಡತಗಳ ಪ್ರತಿ ಪೆನ್‌ಡ್ರೈವ್‌ನಲ್ಲಿಡಿ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಒಂದು ಪುಟ ಹಾಕಿ ನೋಡಿ. ಸಾಮಾನ್ಯವಾಗಿ ಎಡವುವುದು ಇಲ್ಲಿ: ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ತಿರುಚಬಹುದು. ಹೆಸರು, ಸರ್ವೆ ನಂಬರ್ ಇರುವ ಸಾಲುಗಳನ್ನು ಮೂಲದೊಡನೆ ಹೋಲಿಸಿ. ಅರ್ಕಾವತ್ತು, ಒತ್ತಕ್ಷರಗಳನ್ನೂ ಪರೀಕ್ಷಿಸಿ. ನಂತರ ಫಾಂಟ್ ನಿರ್ಮಲಾ ಯುಐ ಅಥವಾ ತುಂಗಾ ಮಾಡಿ. ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿ ಮತ್ತೆ ಮಾಡಬೇಕು. ವನ್‌ಡ್ರೈವ್‌ನಲ್ಲಿ ಉಚಿತ ಜಾಗ 5 ಜಿಬಿ. ಬರೀ ಪಠ್ಯಕ್ಕೆ ಧಾರಾಳ, ಸ್ಕ್ಯಾನ್ ಮಾಡಿದ ಪುಟಗಳನ್ನು ತುಂಬಿದರೆ ಬೇಗ ಮುಗಿಯುತ್ತದೆ.