ಹರಿಹರದ ಹತ್ತಿರ ತುಂಗಭದ್ರಾ ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇದೆ. ದಾವಣಗೆರೆ ಕಡೆ ಎಷ್ಟು ಮಳೆ ಬಿದ್ದರೆ ಮೋಟರ್ ಮೇಲೆತ್ತಬೇಕು?

ಎಷ್ಟೂ ಬೀಳಬೇಕಾಗಿಲ್ಲ. ನನ್ನ ಹತ್ತು ಎಚ್‌ಪಿ ಮೋಟರ್ ಮುಳುಗಿದ ದಿನ ನಮ್ಮೂರಲ್ಲಿ ಚೆನ್ನಾಗಿ ಬಿಸಿಲಿತ್ತು. ಒಗೆದ ಬಟ್ಟೆ ಎರಡು ತಾಸಿಗೆ ಒಣಗಿದ್ದವು.

ತಪ್ಪು ಆಗಿದ್ದು ಎಲ್ಲಿ ಅಂದರೆ, ನಾನು ದಿನಾ ನೋಡುತ್ತಿದ್ದದ್ದು ಭದ್ರಾ ಡ್ಯಾಂ ಮಟ್ಟ ಒಂದನ್ನೇ. ನಾಲೆ ನೀರು ನಂಬಿದವರಿಗೆ ಅದು ಚಟ. ಪೂರ್ಣಮಟ್ಟ 186 ಅಡಿ, ಅವತ್ತು ತುಂಬಲಿಕ್ಕೆ ಇನ್ನೂ ಇಪ್ಪತ್ತು ಅಡಿ ಬಾಕಿ. ಡ್ಯಾಮೇ ತುಂಬಿಲ್ಲ, ಹೊಳೆ ಎಲ್ಲಿಂದ ಬರುತ್ತೆ ಅಂತ ಸುಮ್ಮನಿದ್ದೆ. ಆದರೆ ಹರಿಹರಕ್ಕೆ ಬರುವುದು ಬರೀ ಭದ್ರೆಯಲ್ಲ, ಕೂಡ್ಲಿಯಲ್ಲಿ ಅದಕ್ಕೆ ತುಂಗೆ ಸೇರಿಯೇ ಬರುತ್ತದೆ. ಇಬ್ಬರಲ್ಲಿ ಹೊಟ್ಟೆ ದೊಡ್ಡದಿರುವುದು ಒಬ್ಬಳಿಗೆ ಮಾತ್ರ. ಭದ್ರಾ ಡ್ಯಾಂ 71 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನುಂಗುತ್ತೆ, ಗಾಜನೂರಿನ ತುಂಗಾ ಡ್ಯಾಂ ಹಿಡಿಯುವುದು ಮೂರು ಚಿಲ್ಲರೆ. ಒಂದು ದಿನಪೂರ್ತಿ 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದರೆ ಒಂದು ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಜಡಿ ಹಿಡಿದು 40 ಸಾವಿರ ಕ್ಯೂಸೆಕ್ ಒಳಹರಿವು ಬಂತು ಅನ್ನಿ, ಖಾಲಿ ಇದ್ದರೂ ಗಾಜನೂರು ಒಂದು ದಿನಕ್ಕೆ ತುಂಬಿಹೋಗುತ್ತೆ. ಮುಂಗಾರಿನಲ್ಲಿ ಅದು ಖಾಲಿ ಇರುವುದೂ ಇಲ್ಲ. ಅಂದರೆ ಬಂದಷ್ಟನ್ನೂ ಬಿಡಲೇಬೇಕು. ಭದ್ರಾ ಗೇಟು ಒಂದಂಗುಲ ತೆಗೆಯದಿದ್ದರೂ ಹೊನ್ನಾಳಿ, ಹರಿಹರ, ಉಕ್ಕಡಗಾತ್ರಿಯಲ್ಲಿ ನೀರು ದಂಡೆ ಹತ್ತಬಹುದು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಲಿಲ್ಲ.

ಹಾಗಾಗಿ ಹವಾಮಾನ ಇಲಾಖೆ ದಾವಣಗೆರೆಗೆ ಯಾವ ಬಣ್ಣದ ಅಲರ್ಟ್ ಕೊಟ್ಟಿದೆ ಅನ್ನುವುದು ನಿಮ್ಮ ಮೋಟರಿಗೆ ಸಂಬಂಧವಿಲ್ಲ. ಶಿವಮೊಗ್ಗ, ಚಿಕ್ಕಮಗಳೂರಿಗೆ ಏನು ಕೊಟ್ಟಿದ್ದಾರೆ ನೋಡಿ. ಅಲ್ಲಿ 24 ಗಂಟೆಯಲ್ಲಿ 115.6 ಮಿ.ಮೀ. ದಾಟುವ 'ಅತಿ ಭಾರಿ' ಮಳೆ ಅಂದಿದ್ದರೆ, ಅವತ್ತಿನಿಂದ ಗಾಜನೂರಿನ ಹೊರಹರಿವನ್ನು ಬೆಳಗ್ಗೆ ಸಂಜೆ ಬರೆದಿಡಿ. ನಿಮ್ಮ ದಂಡೆಯಲ್ಲಿ ಅಡಿಗೊಂದು ಬಣ್ಣದ ಗೆರೆ ಹಾಕಿದ ಕಲ್ಲು ನೆಡಿ. ಅಲ್ಲಿ ಇಷ್ಟು ಬಿಟ್ಟರು, ಇಲ್ಲಿ ಎಷ್ಟು ತಾಸಿಗೆ ಯಾವ ಗೆರೆ ಮುಳುಗಿತು ಅಂತ ಎರಡು ಮಳೆಗಾಲ ಬರೆದರೆ ನಿಮ್ಮ ಲೆಕ್ಕ ನಿಮಗೇ ಸಿಗುತ್ತೆ. ಪಕ್ಕದೂರಿನವರ ಲೆಕ್ಕ ತರಬೇಡಿ. ಹೊಳೆ ಅಲ್ಲಿ ಅಗಲ ಇರಬಹುದು, ನಿಮ್ಮಲ್ಲಿ ತಿರುವಿರಬಹುದು.

ಇನ್ನೊಂದು, ನೀರು ಮುಂದಿನಿಂದಲೇ ಬರುತ್ತೆ ಅಂದುಕೊಳ್ಳಬೇಡಿ. ಹೊಳೆ ಏರಿದಾಗ ಹಳ್ಳದ ನೀರಿಗೆ ಹೊಳೆ ಸೇರಲು ಜಾಗ ಇರುವುದಿಲ್ಲ, ಹಿಂದಕ್ಕೆ ಒತ್ತುತ್ತದೆ. ಹರಿಹರದಲ್ಲಿ ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳವೂ ಹೀಗೇ. ದಂಡೆ ಇನ್ನೂ ಒಣಗಿರುತ್ತೆ, ನೀವು ಬಂದ ಬಂಡಿದಾರಿ ಬೆನ್ನ ಹಿಂದೆ ಮುಳುಗಿರುತ್ತೆ. ಮೋಟರ್ ಎತ್ತಲು ಹೋಗುವಾಗ ಒಬ್ಬರನ್ನು ಹಳ್ಳದ ಹತ್ತಿರ ನಿಲ್ಲಿಸಿ. ದಾರಿಗೆ ನೀರು ಬಂತು ಅಂತ ಅವರು ಕೂಗಿದರೆ ಬೋಲ್ಟು ಅರ್ಧ ಬಿಚ್ಚಿದ್ದರೂ ಬಿಟ್ಟು ಬನ್ನಿ. ಹರಿಯುವ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವುತ್ತದೆ, ಎರಡಡಿ ಬಂದರೆ ಕಾರೇ ತೇಲುತ್ತದೆ.

ಎತ್ತುವ ಕೆಲಸ ಹಗಲಲ್ಲೇ ಆಗಬೇಕು. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು. ತ್ರೀಫೇಸ್ ಕರೆಂಟು ಇಲ್ಲ ಅಂತ ನೀರಿಗಿಳಿದಿರುತ್ತೀರಿ, ಪಾಳಿ ಬದಲಾಗಿ ಕರೆಂಟು ಬಂದುಬಿಡುತ್ತೆ, ಕೇಬಲ್ಲಿನ ಜಾಯಿಂಟು ನೀರಲ್ಲಿರುತ್ತೆ. ಲೈನ್‌ಮ್ಯಾನ್ ಕರೆಸಿ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಫ್ಯೂಸ್ ತೆಗೆಸಿಯೇ ಮುಂದಿನ ಕೆಲಸ. ಆಮೇಲೆ ವೈರುಗಳಿಗೆ ಬಣ್ಣದ ಟೇಪು ಸುತ್ತಿ ಬಿಚ್ಚಿ, ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಎರಡು ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತೆ. ಪೈಪು ಜೋಡಿಸುವ ಫ್ಲೇಂಜ್ ಬೋಲ್ಟುಗಳನ್ನು ಮೇ ತಿಂಗಳಲ್ಲೇ ಒಂದು ಸಲ ಬಿಚ್ಚಿ ಗ್ರೀಸ್ ಹಚ್ಚಿಡಿ. ನೀರು ಏರುತ್ತಿರುವಾಗ ತುಕ್ಕು ಹಿಡಿದ ಬೋಲ್ಟು ಜಗ್ಗುವವನ ಪಾಡು ಬೇಡ. ನೀರೆಳೆಯುವ ಸಕ್ಷನ್ ಪೈಪು, ಅದರ ತುದಿಯ ಫುಟ್‌ವಾಲ್ವ್ ಹೋದರೆ ಹೋಗಲಿ, ಹಗ್ಗ ಹಾಕಿ ಗಟ್ಟಿ ಮರಕ್ಕೆ ಕಟ್ಟಿಬಿಡಿ. ಮೋಟರಿಗೆ ಚೈನ್ ಪುಲ್ಲಿ, ನಾಲ್ಕು ಜನ.

ಸ್ಟಾರ್ಟರ್ ಡಬ್ಬಿ ದಂಡೆಯಲ್ಲಿ ಇರಲೇಬಾರದು ಅನ್ನುವವನು ನಾನು. ಊರ ಹಿರಿಯರು ನೋಡಿದ ಅತಿ ಎತ್ತರದ ನೀರಿನ ಗುರುತಿಗಿಂತ ಮೂರಡಿ ಮೇಲೆ ಕಂಬ ಹಾಕಿ ಅಲ್ಲಿಗೆ ಒಯ್ಯಿರಿ. ಕೇಬಲ್ ಉದ್ದವಾದಾಗ ವೋಲ್ಟೇಜ್ ಬೀಳುತ್ತೆ, ಆದ್ದರಿಂದ ಒಂದು ಸೈಜು ದಪ್ಪ ಕೇಬಲ್ ಹಾಕಿ.

(ಹಿರಿಯೂರು ಕಡೆಯವರು ಓದುತ್ತಿದ್ದರೆ: ನಿಮ್ಮ ಹೊಳೆ ವೇದಾವತಿ, ನೀವು ನೋಡಬೇಕಾದದ್ದು ವಾಣಿವಿಲಾಸ ಸಾಗರ ಡ್ಯಾಮಿನ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ 2022ರ ತನಕ ಬಿದ್ದಿರಲಿಲ್ಲ, ಅದಕ್ಕೇ ನೀರಿನ ದಾರಿ ಜನರಿಗೆ ಮರೆತೇಹೋಗಿತ್ತು.)

ಇಷ್ಟಾದರೂ ಮುಳುಗಿತಾ? ಬಿಸಿಲಿಗಿಟ್ಟು ಒಣಗಿತು ಅಂತ ಗುಂಡಿ ಒತ್ತಬೇಡಿ. ನಾನು ಹಾಗೇ ಮಾಡಿ ವೈಂಡಿಂಗ್ ಸುಟ್ಟೆ. ಒಳಗಿನ ಕೆಸರನ್ನು ಒಳ್ಳೇ ನೀರಲ್ಲಿ ತೊಳೆಸಿ, ವೈಂಡಿಂಗ್ ಅಂಗಡಿಯ ಒಲೆಯಲ್ಲಿ ಒಣಗಿಸಿ, ವೈಂಡಿಂಗಿನ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಿಡಿಸಿ. ಒಂದು ಮೆಗಾಓಮ್‌ಗಿಂತ ಕಮ್ಮಿ ತೋರಿಸಿದರೆ ಇನ್ನೂ ಹಸಿ ಇದೆ ಅಂತ ಅರ್ಥ, ಮತ್ತೆ ಒಣಗಿಸಬೇಕು. ಬೇರಿಂಗ್ ಎರಡನ್ನೂ ಬದಲಾಯಿಸಿಬಿಡಿ. ಕೈಯಲ್ಲಿ ತಿರುಗಿಸಿದಾಗ ನುಣ್ಣಗೆ ತಿರುಗಿದರೂ ಗ್ರೀಸಿನೊಳಗೆ ಹೊಳೆಯ ಮರಳು ಕೂತಿರುತ್ತೆ, ಹದಿನೈದು ದಿನಕ್ಕೆ ಶಬ್ದ ಶುರು.