ಸಂಪಾದಕರ ಉತ್ತರ: ಸಾಕು ಎನ್ನಬೇಕಾದವರು ಯಾರು?

ಮಾನ್ಯರೇ,

ಹರಿಹರ ತಾಲ್ಲೂಕಿನ ಗರಡಿಯೊಂದರ ಉಸ್ತಾದರಾದ ತಾವು ಬರೆದ ಪತ್ರ ತಲುಪಿದೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಪೈಲ್ವಾನರು ಅವಸರಪಟ್ಟು ಕಣಕ್ಕಿಳಿಯಬಾರದು ಎಂದು ಕಳೆದ ಸಂಚಿಕೆಯ ಲೇಖನದಲ್ಲಿ ನಾವು ಬರೆದದ್ದು ತಮಗೆ ಬೇಸರ ತಂದಿದೆ. "ಗಾಯಕ್ಕೆ ಅಂಜುವವನು ಮಟ್ಟಿಗೆ (ಕುಸ್ತಿಯ ಮಣ್ಣಿನ ಕಣಕ್ಕೆ) ಇಳಿಯಲೇಬಾರದು, ನಿಮ್ಮ ಪತ್ರಿಕೆ ನಮ್ಮ ಹುಡುಗರಿಗೆ ಪುಕ್ಕಲುತನ ಕಲಿಸುತ್ತಿದೆ" ಎಂದಿದ್ದೀರಿ. ಅದೇ ಪತ್ರದ ಕೊನೆಯಲ್ಲಿ, ಆರು ತಿಂಗಳ ಹಿಂದೆ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಕಟ್ಟು) ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಮ್ಮ ಶಿಷ್ಯನೊಬ್ಬ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೆಸರು ಕೊಡುತ್ತೇನೆಂದು ಹಟ ಹಿಡಿದಿದ್ದಾನೆ, ಧೈರ್ಯವಂತನನ್ನು ತಡೆಯುವ ಹಕ್ಕು ಗುರುವಿಗಿದೆಯೇ ಎಂದೂ ಕೇಳಿದ್ದೀರಿ. ಈ ಪ್ರಶ್ನೆಯನ್ನು ಓದಿದ ಮೇಲೆ ಎರಡು ಸಾಲಿನ ಉತ್ತರ ಸಾಲದೆನ್ನಿಸಿತು.

ನೋವನ್ನು ಲೆಕ್ಕಿಸದ ಗುಣವಿಲ್ಲದೆ ಕುಸ್ತಿಯಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಹಳೆಯ ಪೈಲ್ವಾನರ ಮುದುಡಿದ ಕಿವಿಯನ್ನೇ ನೋಡಿ. ಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಅದರ ಮೇಲಿನ ತೆಳುಪೊರೆಯಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಎದುರಾಳಿಯ ತಲೆ, ತೋಳುಗಳ ಉಜ್ಜಾಟದಲ್ಲಿ ಆ ಪೊರೆ ಬಿಟ್ಟುಕೊಂಡು ನಡುವೆ ರಕ್ತ ತುಂಬಿದಾಗ, ಕೆಲವೇ ದಿನಗಳೊಳಗೆ ವೈದ್ಯರು ಅದನ್ನು ಹೊರತೆಗೆದು ಬಿಗಿಯಾಗಿ ಒತ್ತಿ ಕಟ್ಟದಿದ್ದರೆ, ಒಳಗೆ ಗಟ್ಟಿ ಅಂಗಾಂಶ ಬೆಳೆದು ಕಿವಿ ಜೀವನಪೂರ್ತಿ ಹಾಗೆಯೇ ಉಳಿಯುತ್ತದೆ. ಅದನ್ನು ಹೆಮ್ಮೆಯ ಗುರುತಾಗಿ ಧರಿಸಿದವರನ್ನು ನಾನು ಗೌರವದಿಂದಲೇ ಕಂಡಿದ್ದೇನೆ. ಅದು ಅವರು ಕಣ್ಣಾರೆ ಕಂಡು, ಇಷ್ಟಾದರೆ ಇಷ್ಟು ಎಂದು ತಿಳಿದು ಒಪ್ಪಿಕೊಂಡ ನಷ್ಟ.

ಬಜರಂಗ್ ಪೂನಿಯಾ ಅವರ ಉದಾಹರಣೆಯನ್ನು ತಾವು ಕೊಟ್ಟಿದ್ದೀರಿ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಸೆಣಸಿನಲ್ಲಿ ಅವರು ಗಾಯದ ಮಂಡಿಗೆ ಕಟ್ಟಿದ್ದ ಪಟ್ಟಿಯನ್ನು ತೆಗೆದಿಟ್ಟು ಕಣಕ್ಕಿಳಿದು 8–0 ಅಂತರದಿಂದ ಗೆದ್ದದ್ದು ನಿಜ. ಆದರೆ ಆ ಕಥೆ ಪದಕದೊಂದಿಗೆ ಮುಗಿಯಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಓಸ್ಲೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಲಿಗಮೆಂಟಿನ ಗಾಯದಿಂದಾಗಿ ಅವರು ಹೋಗಲಾಗಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಒಲಿಂಪಿಕ್ಸ್‌ಗಾಗಿ, ಜೊತೆಯಲ್ಲಿ ಫಿಸಿಯೋಥೆರಪಿಸ್ಟರೂ ತರಬೇತುದಾರರೂ ಇದ್ದಾಗ, ಅನುಭವಿ ಕುಸ್ತಿಪಟು ತೆಗೆದುಕೊಂಡ ತೀರ್ಮಾನ ಅದು. ಅದೇ ಟೋಕಿಯೊದಲ್ಲಿ ಬಾಕ್ಸರ್ ಸತೀಶ್ ಕುಮಾರ್ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಕ್ವಾರ್ಟರ್ ಫೈನಲ್ ಆಡಿದರು, ಸೋತರೂ ಎಲ್ಲರ ಮೆಚ್ಚುಗೆ ಗಳಿಸಿದರು. ಅವರನ್ನು ರಿಂಗಿಗೆ ಬಿಟ್ಟದ್ದು ವೈದ್ಯರ ತಪಾಸಣೆಯಾದ ಮೇಲೆ ಎಂಬುದನ್ನು ನಾವು ನೆನಪಿನಲ್ಲಿಡುವುದಿಲ್ಲ. ಇವರಿಗಿಂತ ನನಗೆ ಹೆಚ್ಚು ಕಲಿಸಿದವರು ಕುಸ್ತಿಪಟು ವಿನೇಶ್ ಫೋಗಟ್. 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ಮ್ಯಾಟಿನಿಂದ ಮಂಡಿಗೆ ತೀವ್ರ ಗಾಯವಾಗಿ ಸ್ಟ್ರೆಚರ್ ಮೇಲೆ ಹೊರಬಂದ ಅವರು, ಶಸ್ತ್ರಚಿಕಿತ್ಸೆಯ ನಂತರ ಕಾಲಿಗೆ ಬಲ ತುಂಬಿಕೊಂಡು 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಆ ನಡುವಿನ ದಿನಗಳಲ್ಲಿ ಚಪ್ಪಾಳೆ ಇರಲಿಲ್ಲ, ದಿನವೂ ಅದೇ ವ್ಯಾಯಾಮವನ್ನು ಮಾಡುವ ಬೇಸರವಿತ್ತು. ಅದನ್ನು ಸಹಿಸುವುದನ್ನೂ ನಮ್ಮ ಹುಡುಗರಿಗೆ ಧೈರ್ಯವೆಂದೇ ಹೇಳಿಕೊಡಬೇಕಾಗಿದೆ.

ಕಿವಿ, ಮುಖ, ಮಂಡಿಗಳ ಮಾತು ಹೀಗಾದರೆ, ತಲೆ ಮತ್ತು ಕತ್ತಿನ ಮಾತು ಪೂರ್ತಿ ಬೇರೆ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು "ಆಡ್ತೀಯೇನೋ?" ಎಂದು ಕೇಳಿದರೆ ಅವನು "ಆಡ್ತೀನಿ" ಎಂದೇ ಹೇಳುತ್ತಾನೆ, ಏಕೆಂದರೆ ತಾನು ಸರಿಯಾಗಿದ್ದೇನೋ ಇಲ್ಲವೋ ಎಂದು ತೀರ್ಮಾನಿಸಬೇಕಾದ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ. ಪದೇ ಪದೇ ತಲೆಗೆ ಗುದ್ದು ತಿಂದ ಬಾಕ್ಸರುಗಳ ನಡಿಗೆ ತೊಡರಿ, ಮಾತು, ನೆನಪು ಮಸುಕಾಗುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ದಾಖಲಿಸಿದ್ದರು. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದವನು ಕನಿಷ್ಠ 30 ದಿನ ರಿಂಗಿಗೆ ಇಳಿಯುವಂತಿಲ್ಲ ಎಂಬ ನಿಯಮ ಬಂದದ್ದು ಇಂಥ ಅನುಭವದಿಂದ. ಅಲ್ಲಿ ಬಾಕ್ಸರನ ಇಷ್ಟಾನಿಷ್ಟವನ್ನು ಯಾರೂ ಕೇಳುವುದಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ತಾವೂ ಓದಿರುತ್ತೀರಿ. ಆ ಹುಡುಗನಿಗೆ ಧೈರ್ಯ ಕಡಿಮೆಯಿರಲಿಲ್ಲ.

ಕುಸ್ತಿಯಲ್ಲಿ ಗುದ್ದಾಟವಿಲ್ಲವಲ್ಲ ಎಂದು ತಾವು ಹೇಳಬಹುದು. ಎತ್ತಿ ಒಗೆದಾಗ ತಲೆ ಕೆಳಗಾಗಿ ಕತ್ತಿನ ಮೇಲೆ ಬೀಳುವುದು ಬಯಲು ಕುಸ್ತಿಯಲ್ಲಿ ಅಪರೂಪವೇನಲ್ಲ. ಹಾಗೆ ಬಿದ್ದವನೊಬ್ಬನನ್ನು ಜಾತ್ರೆಯ ಕಣದಲ್ಲಿ ನಾನೇ ನೋಡಿದ್ದೇನೆ. ಹಲಗೆಯ ಸದ್ದು ನಿಂತಿತು, ನಾಲ್ಕೈದು ಜನ ನುಗ್ಗಿ ಬಂದರು. ಒಬ್ಬರು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಿದರು, ಇನ್ನೊಬ್ಬರು ಮುಖಕ್ಕೆ ನೀರೆರಚಿದರು, ಮತ್ತೊಬ್ಬರು ನೆಟಿಕೆ ತೆಗೆಯುವ ಹಾಗೆ ಕತ್ತನ್ನು ಅತ್ತಿತ್ತ ತಿರುಗಿಸಿದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಆ ಹುಡುಗನ ಅದೃಷ್ಟಕ್ಕೆ ಎಲುಬು ಉಳಿದಿತ್ತು. ಕತ್ತಿನ ಎಲುಬಿಗೆ ಪೆಟ್ಟಾಗಿದ್ದರೆ ಹಾಗೆ ಎಬ್ಬಿಸುವುದರಿಂದಲೇ ಬೆನ್ನುಹುರಿಗೆ ಹಾನಿಯಾಗಿ ಕೈಕಾಲಿನ ಶಕ್ತಿ ಹೋಗಬಹುದು. ಬಿದ್ದವನನ್ನು ಬಿದ್ದಲ್ಲಿಯೇ ಬಿಟ್ಟು, ತಲೆ ಅಲುಗದಂತೆ ಎರಡೂ ಕೈಯಿಂದ ಹಿಡಿದು, ಆಂಬುಲೆನ್ಸ್ ಬರುವ ತನಕ ಕಾಯಬೇಕು. ಕಣದ ಪಕ್ಕ ಒಂದು ಗಟ್ಟಿ ಸ್ಟ್ರೆಚರ್, ಒಂದು ಕತ್ತಿನ ಪಟ್ಟಿ, ಅವನ್ನು ಬಳಸಲು ಬಲ್ಲ ಒಬ್ಬರು ಇರಬೇಕೆಂದು ಕೇಳಿದರೆ ಯಾವ ಜಾತ್ರೆಯ ಸಮಿತಿಗೂ ಹೊರೆಯಾಗದು. ಬೆಳ್ಳಿ ಗದೆಗೆ ದಾನಿಗಳು ಸಿಗುವ ಊರಿನಲ್ಲಿ ಇದಕ್ಕೂ ಸಿಗುತ್ತಾರೆ.

ಇನ್ನು ತಮ್ಮ ಹಕ್ಕಿನ ಪ್ರಶ್ನೆ. ನೋವಾದರೆ ಬಾಯಿ ಬಿಡಬೇಡ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟವರು ನಾವು. ಅದು ಸರಿಯಾದ ಪಾಠವೇ. ಆದರೆ ಹಾಗೆ ಬೆಳೆದ ಹುಡುಗನೇ ತನ್ನ ಗಾಯವನ್ನು ಅಳೆದು ಹಿಂದೆ ಸರಿಯಲಿ ಎಂದು ನಿರೀಕ್ಷಿಸಿದರೆ, ಅವನಲ್ಲಿ ನಾವೇ ಇಲ್ಲವಾಗಿಸಿದ ಗುಣವನ್ನು ಅವನಿಂದ ಕೇಳಿದಂತಾಗುತ್ತದೆ. ಅಲ್ಲದೆ, ಗಾಯ ಹೇಳಿಕೊಂಡರೆ ಆಯ್ಕೆ ತಪ್ಪುತ್ತದೆ, ಮನೆಯಲ್ಲಿ ಗರಡಿ ಬಿಡಿಸುತ್ತಾರೆ, ಜೋಡಿ ಹಾಕುವಾಗ ಹೆಸರು ಕೆಳಗಿಳಿಯುತ್ತದೆ ಎಂಬ ಅಂಜಿಕೆ ಬಡವರ ಮನೆಯ ಹುಡುಗರಿಗೆ ಇದ್ದೇ ಇರುತ್ತದೆ. ಆದ್ದರಿಂದ ಸಾಕು ಎಂಬ ಮಾತು ಪೈಲ್ವಾನನ ಬಾಯಿಂದ ಬರಬೇಕಾಗಿಲ್ಲ, ಅದು ಉಸ್ತಾದರ ಬಾಯಿಂದ ಬರಬೇಕು. ಗರಡಿಯ ಸಂಪ್ರದಾಯಕ್ಕೆ ಇದು ಹೊಸದೂ ಅಲ್ಲ. ಕುಸ್ತಿಗೆ ಮುನ್ನ ಮಟ್ಟಿಯನ್ನು ಅಗೆದು ಸಡಿಲಿಸಿ, ಕಲ್ಲು ಆರಿಸಿ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸುತ್ತಿದ್ದವರು ಅಂಜುಬುರುಕರಾಗಿರಲಿಲ್ಲ. ಪಟ್ಟು ಅಪಾಯದ ಕಡೆ ಹೊರಳಿದಾಗ ಕಣದೊಳಗೆ ನುಗ್ಗಿ ಜೋಡಿ ಬಿಡಿಸುವ ಪಂಚರನ್ನು ಯಾರೂ ಪುಕ್ಕಲರೆಂದು ಕರೆದದ್ದಿಲ್ಲ.

ತಮ್ಮ ಶಿಷ್ಯನಿಗೆ ಆರು ತಿಂಗಳು ಸಾಲದು. ಲಿಗಮೆಂಟಿನ ಜಾಗಕ್ಕೆ ಹಾಕಿದ ಸ್ನಾಯುರಜ್ಜು ಮೂಳೆಯೊಳಗೆ ಬೇರೂರಿ ಬಲಗೊಳ್ಳಲು ಸಮಯ ಬೇಕು. ನೋವು, ಊತ ಇಳಿದು ಹುಡುಗನಿಗೆ ಎಲ್ಲವೂ ಸರಿಯಾಯಿತು ಎನ್ನಿಸುವ ಹೊತ್ತಿಗೆ ಒಳಗಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಕನಿಷ್ಠ ಒಂಬತ್ತು ತಿಂಗಳಾದರೂ ಕಾಯಿಸಿ, ಆಮೇಲೂ ಒಂಟಿ ಕಾಲಿನ ಬಸ್ಕಿ ಮತ್ತು ಜಿಗಿತದಲ್ಲಿ ಆ ಕಾಲು ಇನ್ನೊಂದಕ್ಕೆ ಹೆಚ್ಚುಕಡಿಮೆ ಸಮನಾಗಿದೆಯೇ ಎಂದು ಪರೀಕ್ಷಿಸಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಪ್ಪಿದ ಮೇಲೆ ಮೊದಲು ಗರಡಿಯಲ್ಲಿ ಹಗುರಾಗಿ ಜೋರು (ಅಭ್ಯಾಸದ ಕುಸ್ತಿ) ಮಾಡಿಸಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅವನಿಗೆ ಇದು ಸಂಕಟವೆಂದು ಬಲ್ಲೆ. ಆದರೂ ಈ ಸಲ ಅವನ ಹೆಸರು ಕೊಡಬೇಡಿ. ಬೇಡವೆಂದದ್ದು ಉಸ್ತಾದರು ಎಂದು ಗರಡಿಯಲ್ಲಿ ಎಲ್ಲರ ಎದುರಿಗೇ ಹೇಳಿ. ಹುಡುಗ ತಾನೇ ಹಿಂಜರಿದ ಎಂಬ ಮಾತು ಊರಲ್ಲಿ ಅವನ ಮೇಲೆ ಬಾರದಿರಲಿ.

— ಸಂಪಾದಕ