ವಿಯೆನ್ನಾದಲ್ಲಿ ಸಸ್ಯಾಹಾರಿ ಅಪ್ಪ-ಅಮ್ಮನ ಊಟಕ್ಕೆ ಹಳೇ ಆಸ್ಟ್ರಿಯನ್ ಹೋಟೆಲ್ಲೋ, ಇಟಾಲಿಯನ್-ಇಂಡಿಯನ್ ಹೋಟೆಲ್ಲೋ?

ನಾಲ್ಕು ದಿನ, ಜೊತೆಗೆ ಮಾಂಸ ಮುಟ್ಟದ ಅಪ್ಪ-ಅಮ್ಮ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ 2022ರ ಜೂನ್ ನೆನಪಾಯಿತು. ಆಗ ನಾನು ಕೆಲಸದ ಮೇಲೆ ವಿಯೆನ್ನಾದಲ್ಲಿದ್ದೆ. ಅಮ್ಮ ತುಮಕೂರಿನಿಂದ ಹನ್ನೆರಡು ದಿನಕ್ಕೆ ಬಂದಿದ್ದರು.

ಎರಡನೇ ದಿನ ರಾತ್ರಿ ಅವರನ್ನು ಒಂದು ಬೈಸ್ಲ್‌ಗೆ ಕರೆದುಕೊಂಡು ಹೋದೆ. ಬೈಸ್ಲ್ ಅಂದರೆ ಆ ಊರಿನ ಹಳೇ ಕಾಲದ ಬೀದಿ ಹೋಟೆಲ್. ಮರದ ಗೋಡೆ, ಮರದ ಬೆಂಚು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂದಿನ ಅಡುಗೆ. ಅಮ್ಮನಿಗೆ ಜಾಗ ತುಂಬ ಹಿಡಿಸಿತು. ಮೆನುವಿನಲ್ಲಿ ಫ್ರಿಟಾಟೆನ್‌ಸುಪ್ಪೆ ಅಂತಿತ್ತು. ತೆಳ್ಳಗಿನ ದೋಸೆಯಂಥದ್ದನ್ನು ಶಾವಿಗೆ ಹಾಗೆ ಕತ್ತರಿಸಿ ತಿಳಿಯಾದ ಸೂಪಿಗೆ ಹಾಕಿ ಕೊಡುತ್ತಾರೆ. ಪಕ್ಕದಲ್ಲಿ A, C, G, L ಅಂತ ಪುಟ್ಟ ಅಕ್ಷರಗಳು. A ಗೋಧಿ, C ಮೊಟ್ಟೆ, G ಹಾಲು, L ಸೆಲರಿ. ಮೊಟ್ಟೆ ಹಾಕಿದ ಕೇಕ್ ಅಮ್ಮ ತಿನ್ನುತ್ತಾರೆ. ಮಾಂಸ ಎಲ್ಲೂ ಕಾಣಲಿಲ್ಲ. ಆದರೂ ಇರಲಿ ಅಂತ ಬಡಿಸುವವರನ್ನು "ಓನೆ ಫ್ಲೈಶ್?" ಅಂದೆ, ಅಂದರೆ ಮಾಂಸ ಇಲ್ಲ ಅಲ್ವಾ ಅಂತ. ಇಲ್ಲ ಅಂದರು. ಜೊತೆಗೆ ಆಲೂಗಡ್ಡೆ ಸಲಾಡ್ ಹೇಳಿದೆ.

ಅಮ್ಮ ಬಟ್ಟಲು ಪೂರ್ತಿ ಖಾಲಿ ಮಾಡಿದರು. "ನಮ್ಮ ತಿಳಿಸಾರಿನ ಹಾಗೇ ಇದೆ ಕಣೋ" ಅಂದರು. ಅದನ್ನು ನಾನು ಜರ್ಮನ್‌ನಲ್ಲಿ ಹೇಳಿದಾಗ ಆ ಮನುಷ್ಯನಿಗೂ ಖುಷಿಯಾಯಿತು. ದನದ ಮೂಳೆಯನ್ನು ಬೆಳಗ್ಗೆಯಿಂದ ಸಣ್ಣ ಉರಿಯಲ್ಲಿ ಕುದಿಸುತ್ತೇವೆ, ಅದಕ್ಕೇ ಈ ರುಚಿ, ಅಂದರು.

ಅಮ್ಮನಿಗೆ ಸುಳ್ಳು ಹೇಳಲು ಆಗಲಿಲ್ಲ. ಹೇಳಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಆ ರಾತ್ರಿಯೇ ತಲೆಗೆ ಸ್ನಾನ ಮಾಡಿದರು. ಆಮೇಲೆ ಊರಿಗೆ ಹೊರಡುವ ತನಕ ಕಾಫಿ ಬಿಟ್ಟರೆ ಹೊರಗೆ ಏನನ್ನೂ ಬಾಯಿಗೆ ಹಾಕಲಿಲ್ಲ.

ನಾನು ಮಾಡಿದ ತಪ್ಪೇನು ಅಂತ ಬಿಡಿಸಿ ಹೇಳಬೇಕು. ಬೈಸ್ಲ್‌ಗೆ ಹೋಗಿದ್ದು ತಪ್ಪಲ್ಲ. ಆ ಅಕ್ಷರಗಳನ್ನು ಸಾಮಾನಿನ ಪಟ್ಟಿ ಅಂದುಕೊಂಡೆ, ಅದು ತಪ್ಪು. ಅವು ಅಲರ್ಜಿ ಇರುವವರಿಗಾಗಿ ಇರುವ ಗುರುತು. ಯುರೋಪಿಯನ್ ಒಕ್ಕೂಟದ ನಿಯಮ ಬಂದ 2014ರ ಡಿಸೆಂಬರ್‌ನಿಂದ ಹೋಟೆಲಿನವರು 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ತಿಳಿಸಲೇಬೇಕು. ಆ ಹದಿನಾಲ್ಕರಲ್ಲಿ ಮಾಂಸ ಇಲ್ಲವೇ ಇಲ್ಲ. ಅಕ್ಷರ ಇಲ್ಲ ಅಂದ ಮಾತ್ರಕ್ಕೆ ಮಾಂಸ ಇಲ್ಲ ಅಂತ ಅರ್ಥವಲ್ಲ. L ಅಲ್ಲಿಗೆ ಬಂದದ್ದೇ ಮೂಳೆಯ ಜೊತೆ ಸೆಲರಿ ಗೆಡ್ಡೆ ಬೇಯಿಸುವುದರಿಂದ. ಗುಟ್ಟು ಕಣ್ಣೆದುರಿಗೇ ಇತ್ತು.

ನನ್ನ ಪ್ರಶ್ನೆಯೂ ತಪ್ಪು. ಆ ಮನುಷ್ಯ ಮೋಸ ಮಾಡಲಿಲ್ಲ. ಬಟ್ಟಲಲ್ಲಿ ಮಾಂಸದ ತುಂಡು ಇರಲಿಲ್ಲ, ಅಷ್ಟೇ. ನಮ್ಮಲ್ಲಿ ಸಾರಿಗೆ ಬೇಳೆ ಕಟ್ಟು ಹೇಗೋ, ಅವರ ಅಡುಗೆಗೆ ದನದ ಮೂಳೆ ಕಟ್ಟು ಹಾಗೆ. ಸಾರಿನಲ್ಲಿ ಏನಿದೆ ಅಂತ ಕೇಳಿದರೆ ಕಟ್ಟನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ಸಂಗತಿ ನನಗೆ ತಿಂಗಳಾದ ಮೇಲೆ ಗೊತ್ತಾಯಿತು: ವಿಯೆನ್ನಾದ ಆಲೂಗಡ್ಡೆ ಸಲಾಡಿಗೂ ಸಾಮಾನ್ಯವಾಗಿ ಇದೇ ಕಟ್ಟು ಹಾಕುತ್ತಾರೆ. ಹಾಗಾಗಿ ನೀವು ಕೇಳಬೇಕಾದದ್ದು "ಇಸ್ಟ್ ದಾ ರಿಂಡ್‌ಸುಪ್ಪೆ ದ್ರಿನ್?" ಅಂತ. ಇದರಲ್ಲಿ ದನದ ಸಾರು ಇದೆಯಾ ಅಂತ ಅರ್ಥ. ಪ್ರತಿ ತಟ್ಟೆಗೂ ಕೇಳಿ, ಸಂಕೋಚ ಬೇಡ.

ಆಸ್ಟ್ರಿಯನ್ ಊಟ ಬೇಡ, ಇಟಾಲಿಯನ್ ಸೇಫ್ ಅನ್ನುವ ನಿಮ್ಮ ಯೋಚನೆ ನನಗೆ ಒಪ್ಪಿಗೆಯಿಲ್ಲ. ರಿಸೊಟ್ಟೊವನ್ನೂ ಎಷ್ಟೋ ಕಡೆ ಮಾಂಸದ ಕಟ್ಟಿನಲ್ಲೇ ಬೇಯಿಸುತ್ತಾರೆ. ಪಬ್ಬಿನ ಆಲೂಗಡ್ಡೆ ಫ್ರೈಸ್ ಅನ್ನು ಶ್ನಿಟ್ಸೆಲ್ ಅನ್ನುವ ಮಾಂಸದ ಹೋಳು ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ಇನ್ನು ವಿಯೆನ್ನಾದ ಅಡುಗೆ ಅಂತ ಕರೆಯುವುದರಲ್ಲೇ ಗೂಲಾಶ್ ಅನ್ನುವ ಮಾಂಸದ ಗೊಜ್ಜು ಹಂಗೇರಿಯದು, ಉಂಡೆ ಉಂಡೆ ಕ್ನೋಡೆಲ್‌ಗಳಲ್ಲಿ ಎಷ್ಟೋ ಬೊಹೀಮಿಯಾದ್ದು, ಅಂದರೆ ಈಗಿನ ಚೆಕ್ ನಾಡಿನದು. ಹಿಂದಿನ ಆಸ್ಟ್ರಿಯದ ದೊಡ್ಡ ಸಾಮ್ರಾಜ್ಯದ ಅಡುಗೆಮನೆ ಅದು. ಅಷ್ಟು ದೂರ ಹೋಗಿ ನಾಲ್ಕು ದಿನವೂ ಪನೀರ್ ಬಟರ್ ಮಸಾಲ ತಿನ್ನಿಸಬೇಡಿ.

ಬೈಸ್ಲ್‌ಗೆ ರಾತ್ರಿ ಬೇಡ, ವಾರದ ದಿನ ಮಧ್ಯಾಹ್ನ ಹೋಗಿ. ಜನ ಕಡಿಮೆ ಇರುವ ಹೊತ್ತಲ್ಲಿ ಬಡಿಸುವವರು ನಿಂತು ಉತ್ತರ ಕೊಡುತ್ತಾರೆ. ಮೊಟ್ಟೆ ನಡೆಯುತ್ತದೆ ಅಂದರೆ ಕೇಸೆಶ್ಪೆಟ್ಸ್ಲೆ ಹೇಳಿ, ಚೀಸ್ ಬೆರೆಸಿದ ಹಿಟ್ಟಿನ ತುಣುಕುಗಳ ಮೇಲೆ ಗರಿಗರಿ ಈರುಳ್ಳಿ. ಸಿಹಿಯನ್ನೇ ಊಟವಾಗಿ ತಿನ್ನುವುದು ಅಲ್ಲಿ ಮಾಮೂಲು. ಕೈಸರ್‌ಶ್ಮಾರ್ನ್ ಅಂದರೆ ದಪ್ಪ ದೋಸೆಯನ್ನು ಚೂರು ಮಾಡಿ, ಸಕ್ಕರೆ ಉದುರಿಸಿ, ಬೇಯಿಸಿದ ಪ್ಲಮ್ ಜೊತೆ ಕೊಡುವುದು. ಅದರ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರಬಹುದು, ಕೇಳಿಕೊಳ್ಳಿ. ಬೇಸಿಗೆಯಾದರೆ ಮಾರಿಲ್ಲೆನ್‌ಕ್ನೋಡೆಲ್ ಬಿಡಲೇಬೇಡಿ, ಒಳಗೆ ಇಡೀ ಏಪ್ರಿಕಾಟ್ ಇರುವ ಬಿಸಿ ಉಂಡೆ, ನಮ್ಮ ಕಡುಬಿನ ನೆಂಟ.

ಅಮ್ಮ ಮುಖ ಸಡಿಲಿಸಿದ್ದು ಕಾಫಿಹೌಸ್‌ನಲ್ಲಿ. ಒಂದು ಮೆಲಾಂಜ್ ಕಾಫಿ, ಜೊತೆಗೆ ಒಂದು ಲೋಟ ನೀರು, ಪುಟ್ಟ ಟ್ರೇ. ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನಲಿಲ್ಲ. ಈ ಕಾಫಿಹೌಸ್ ಸಂಸ್ಕೃತಿ 2011ರಿಂದ ಆಸ್ಟ್ರಿಯದ ಪರಂಪರೆಯ ಪಟ್ಟಿಯಲ್ಲೇ ಇದೆ.

ಒಂದು ಸಂಜೆ ಮಾತ್ರ ಹೊಯ್ರಿಗರ್‌ಗೆ ಇಡಿ. 1784ರಲ್ಲಿ ಆಸ್ಟ್ರಿಯದ ದೊರೆ ಎರಡನೇ ಜೋಸೆಫ್ ದ್ರಾಕ್ಷಿ ಬೆಳೆಗಾರರಿಗೆ ತಮ್ಮ ವೈನನ್ನು ತಾವೇ ಮಾರಲು ಅಪ್ಪಣೆ ಕೊಟ್ಟ. ಅಲ್ಲಿಂದ ಬೆಳೆದ ದ್ರಾಕ್ಷಿ ತೋಟದ ಅಂಗಳಗಳು ಇವು. ಡಿ ಅಕ್ಷರದ ಟ್ರಾಮ್ ಹತ್ತಿ ಊರಂಚಿನ ನುಸ್‌ಡೋರ್ಫ್‌ಗೆ ಹೋಗಿ. ಬಾಗಿಲಿಗೆ ಪೈನ್ ಮರದ ಸೊಪ್ಪಿನ ಗೊಂಚಲು ಕಟ್ಟಿದ್ದರೆ ತೆರೆದಿದೆ ಅಂತ ಅರ್ಥ. ವೈನ್ ಬೇಡವಾದರೆ ದ್ರಾಕ್ಷಿ ರಸ ಸಿಗುತ್ತದೆ. ತಿಂಡಿ ಗಾಜಿನ ಹಿಂದೆ ಜೋಡಿಸಿಟ್ಟಿರುತ್ತಾರೆ, ಬೆರಳು ತೋರಿಸಿ ಕೇಳಬಹುದು. ನಾನು ಅಮ್ಮನಿಗೆ ಅಂತ ಇಟ್ಟುಕೊಂಡಿದ್ದ ಆ ಸಂಜೆ ಮನೆಯಲ್ಲೇ ಮೊಸರನ್ನ ಕಲಸಿಕೊಂಡು ಕೂತೆವು. ನೀವು ಹೋಗಿ. ಬ್ರೆಡ್ಡಿಗೆ ಹಚ್ಚಲು ಕೆಂಪಗಿನ ಲಿಪ್ಟಾವರ್ ಚೀಸ್ ತಗೊಳ್ಳಿ. ಪಕ್ಕದಲ್ಲಿ ಬೆಣ್ಣೆಯ ಹಾಗೆ ಬೆಳ್ಳಗೆ ಕಾಣುವುದು ಶ್ಮಾಲ್ಟ್ಸ್ ಇರಬಹುದು. ಅದು ಹಂದಿ ಕೊಬ್ಬು, ಅಪ್ಪ-ಅಮ್ಮ ಕೈ ಹಾಕುವ ಮೊದಲೇ ಹೇಳಿಬಿಡಿ.